ಪ್ರನಾಳ ಕರು ಬಂತು, ಗೋದಲಿ ಮರೆಯಬೇಡಿ



ಹಾಲಿನ ಡೇರಿಯ ಮುಂದೆ ಕ್ಯಾನು ಇಟ್ಟು ನಿಂತಿರುವಾಗ ಈಗ ಹೊಸ ಮಾತೊಂದು ಕಿವಿಗೆ ಬೀಳುತ್ತಿದೆ. “ನಮ್ಮ ಹಸುವಿಗೆ ನಾಲ್ಕು ಸಲ ಇಂಜೆಕ್ಷನ್ ಹಾಕಿಸಿದೆ, ನಿಲ್ಲಲಿಲ್ಲ. ಐ.ವಿ.ಎಫ್. ಮಾಡಿಸಿದರೆ ನಿಲ್ಲುತ್ತದಂತೆ. ಅದಕ್ಕೆ ಸರ್ಕಾರವೇ ದುಡ್ಡು ಕೊಡುತ್ತದಂತೆ” ಎಂಬ ಮಾತು. ಇದರಲ್ಲಿ ಅರ್ಧ ನಿಜವಿದೆ, ಅರ್ಧ ಆಸೆಯಿದೆ. ಎರಡನ್ನೂ ಬೇರ್ಪಡಿಸಿ ನೋಡುವುದು ಈ ವಾರದ ಲೇಖನದ ಉದ್ದೇಶ.

ಮೊದಲಿಗೆ ಸುದ್ದಿ ಏನೆಂದು ನೋಡೋಣ. 2014ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ‘ರಾಷ್ಟ್ರೀಯ ಗೋಕುಲ್ ಮಿಷನ್’ ಆರಂಭಿಸಿತು. 2025ರ ಮಾರ್ಚ್ 19ರಂದು ಕೇಂದ್ರ ಸಂಪುಟ ಇದನ್ನು ಪರಿಷ್ಕರಿಸಿ, 2021-22ರಿಂದ 2025-26ರವರೆಗಿನ ಅವಧಿಗೆ ಒಟ್ಟು 3,400 ಕೋಟಿ ರೂಪಾಯಿ ನಿಗದಿ ಮಾಡಿತು. ದೇಶದಲ್ಲಿ 22 ಪ್ರನಾಳ ಪ್ರಯೋಗಶಾಲೆಗಳು ಸ್ಥಾಪನೆಯಾಗಿವೆ, ಅವುಗಳಿಂದ ಉತ್ತಮ ತಳಿಗುಣದ 2,541 ಕರುಗಳು ಹುಟ್ಟಿವೆ ಎಂದು ಸರ್ಕಾರ ಆಗ ತಿಳಿಸಿತು. ಈ ವಿಧಾನದಿಂದ ಗಬ್ಬ ನಿಂತದ್ದು ಖಚಿತವಾದರೆ ಒಂದು ಗಬ್ಬಕ್ಕೆ 5,000 ರೂಪಾಯಿ ಪ್ರೋತ್ಸಾಹಧನವೆಂದೂ ಯೋಜನೆಯಲ್ಲಿ ಸೇರಿಸಲಾಯಿತು.

ಕೋಟಿಗಟ್ಟಲೆ ದನಗಳಿರುವ ನಮ್ಮ ದೇಶದಲ್ಲಿ ಎರಡೂವರೆ ಸಾವಿರ ಕರು ಎಂದರೆ ಕೆರೆಯಲ್ಲಿ ಒಂದು ಬಿಂದಿಗೆ. ಹಾಗೆಂದು ವಿಧಾನ ಕೆಟ್ಟದ್ದಲ್ಲ. ಆದರೆ ಅದು ಯಾವ ಕೆಲಸಕ್ಕೆ ಬಂದಿದೆ, ಯಾವುದಕ್ಕೆ ಬಂದಿಲ್ಲ ಎಂಬುದನ್ನು ತಿಳಿಯದೆ ಕೈಯಲ್ಲಿರುವ ಹಸುವನ್ನು ಹಾಳುಮಾಡಿಕೊಳ್ಳಬಾರದು.

ನಾನು ಪಶುವೈದ್ಯನಲ್ಲ, ಕೃಷಿ ಪದವೀಧರ. ಆದರೂ ಹೊಲ ನೋಡಲು ಹೋದವನನ್ನು ನೀವು ಕೊಟ್ಟಿಗೆಗೂ ಕರೆದುಕೊಂಡು ಹೋಗುತ್ತೀರಿ. ಅಲ್ಲಿ ಕಲಿತದ್ದನ್ನು, ವೈದ್ಯರಿಂದ ಕೇಳಿ ತಿಳಿದದ್ದನ್ನು ಇಲ್ಲಿ ಹೇಳುತ್ತಿದ್ದೇನೆ.

ವಿಧಾನ ಯಾವುದು?

ಹೆಚ್ಚು ಹಾಲು ಕೊಡುವ, ಒಳ್ಳೆಯ ತಳಿಯ ಒಂದು ಹಸುವನ್ನು ಆರಿಸುತ್ತಾರೆ. ಅದರ ಅಂಡಾಶಯದಲ್ಲಿ ನೀರುಗುಳ್ಳೆಗಳಂಥ ಸಣ್ಣ ಕೋಶಗಳಿರುತ್ತವೆ. ವೈದ್ಯರು ಇವನ್ನು ಫಾಲಿಕಲ್ ಎನ್ನುತ್ತಾರೆ. ಒಂದೊಂದು ಕೋಶದೊಳಗೆ ಒಂದೊಂದು ಅಂಡ. ಸ್ಕ್ಯಾನಿಂಗ್ ಯಂತ್ರದಲ್ಲಿ ನೋಡುತ್ತಾ, ಸಾಸಿವೆಯಿಂದ ಕಡಲೆಕಾಳಿನವರೆಗಿನ ಗಾತ್ರದ ಕೋಶಗಳಿಗೆ ಉದ್ದನೆಯ ಸೂಜಿ ಚುಚ್ಚಿ, ಒಳಗಿನ ರಸವನ್ನು ಅಂಡದ ಸಮೇತ ಹೀರಿ ತೆಗೆಯುತ್ತಾರೆ. ಪ್ರಯೋಗಶಾಲೆಯಲ್ಲಿ ಅಂಡವನ್ನು ಆರಿಸಿ, ಒಂದು ದಿನ ಮಾಗಿಸಿ, ಒಳ್ಳೆಯ ಹೋರಿಯ ವೀರ್ಯದೊಡನೆ ಕೂಡಿಸುತ್ತಾರೆ. ಹಸುವಿನ ಮೈಯ ಶಾಖದಷ್ಟೇ ಬೆಚ್ಚಗಿರುವ ಪೆಟ್ಟಿಗೆಯಲ್ಲಿ ಏಳು ದಿನ ಬೆಳೆಸಿ, ಆ ಭ್ರೂಣವನ್ನು ಇನ್ನೊಂದು ಸಾಧಾರಣ ಹಸುವಿನ ಗರ್ಭಕೋಶಕ್ಕೆ ಇಳಿಸುತ್ತಾರೆ. ಆ ಸಾಕುತಾಯಿ ಒಂಬತ್ತು ತಿಂಗಳು ಹೊತ್ತು ಕರು ಹಾಕುತ್ತದೆ.

ಮನುಷ್ಯರಲ್ಲಿ ಇದು 1978ರಲ್ಲಿ ಸಾಧ್ಯವಾಯಿತು. ಆ ವರ್ಷ ಜುಲೈಯಲ್ಲಿ ಇಂಗ್ಲೆಂಡಿನಲ್ಲಿ, ಅಕ್ಟೋಬರಿನಲ್ಲಿ ಡಾ. ಸುಭಾಷ್ ಮುಖೋಪಾಧ್ಯಾಯರ ಪ್ರಯತ್ನದಿಂದ ಕಲ್ಕತ್ತೆಯಲ್ಲಿ ಪ್ರನಾಳ ಶಿಶುಗಳು ಹುಟ್ಟಿದವು. ಅಮೆರಿಕದಲ್ಲಿ ಮೊದಲ ಪ್ರನಾಳ ಕರು ಹುಟ್ಟಿದ್ದು 1981ರಲ್ಲಿ. ಎಮ್ಮೆಯಲ್ಲಿ ಜಗತ್ತಿನಲ್ಲೇ ಮೊದಲು ಸಾಧಿಸಿದ್ದು ನಮ್ಮ ಕರ್ನಾಲಿನ ರಾಷ್ಟ್ರೀಯ ಹೈನು ಸಂಶೋಧನಾ ಸಂಸ್ಥೆ, 1990ರಲ್ಲಿ. ಆ ಕರುವಿನ ಹೆಸರೇ ‘ಪ್ರಥಮ್’.

ಹೀರಿ ತೆಗೆದ ಅಂಡಗಳೆಲ್ಲ ಕರುವಾಗುವುದಿಲ್ಲ. ನೂರು ಅಂಡಗಳಲ್ಲಿ ಸಾಮಾನ್ಯವಾಗಿ ಮೂವತ್ತು ನಲವತ್ತು ಮಾತ್ರ ಏಳನೆಯ ದಿನದ ಭ್ರೂಣವಾಗುತ್ತವೆ. ಅವನ್ನು ಹಸುಗಳಿಗೆ ಇಳಿಸಿದಾಗ ಮತ್ತೆ ನೂರಕ್ಕೆ ಮೂವತ್ತು ನಲವತ್ತು ನಿಲ್ಲುತ್ತವೆ. ಒಂದೇ ಹಸುವಿನಿಂದ ಒಂದೇ ದಿನ ತೆಗೆದ ಅಂಡಗಳಲ್ಲಿ ಒಂದು ಬೆಳೆದು, ಪಕ್ಕದ್ದು ಏಕೆ ಕಮರಿಹೋಗುತ್ತದೆ? ಈ ಪ್ರಶ್ನೆ ವಿಜ್ಞಾನಿಗಳನ್ನು ಬಹುಕಾಲದಿಂದ ಕಾಡುತ್ತಿದೆ. ಉತ್ತರ ಹುಡುಕುತ್ತಾ ಅವರು ಕೈ ಹಾಕಿದ್ದು, ಅಂಡ ತೆಗೆದ ಮೇಲೆ ಚೆಲ್ಲಿಬಿಡುತ್ತಿದ್ದ ಆ ರಸಕ್ಕೆ.

ಅಂಡದ ಸುತ್ತಿನ ರಸ

ಹಸುವಿನ ಅಂಡ ರಾಗಿ ಕಾಳಿನ ಹತ್ತನೆಯ ಒಂದು ಭಾಗದಷ್ಟು ಚಿಕ್ಕದು. ಬೆದೆಯ ದಿನ ಅದನ್ನು ಹೊತ್ತ ಕೋಶ ಹುಡುಗರು ಆಡುವ ಗೋಲಿಯಷ್ಟು ದೊಡ್ಡದಾಗಿರುತ್ತದೆ. ನಡುವೆ ತುಂಬಿರುವುದು ಒಣಹುಲ್ಲಿನ ಬಣ್ಣದ ರಸ. ಇದರ ಬಹುಭಾಗ ಹಸುವಿನ ರಕ್ತದಿಂದಲೇ ಸೋಸಿ ಇಳಿದದ್ದು. ಉಳಿದದ್ದು ಕೋಶದ ಒಳಗೋಡೆ ಸ್ರವಿಸಿದ್ದು. ಅಂಡ ಉಣ್ಣುವುದು, ಉಸಿರಾಡುವುದು, ಕಸ ಬಿಡುವುದು ಎಲ್ಲ ಈ ರಸದಲ್ಲೇ. ಆದ್ದರಿಂದ ರಕ್ತದಲ್ಲಿ ಏನಿದೆಯೋ ಅದರ ನೆರಳು ಅಂಡದ ಮೇಲೆ ಬೀಳುತ್ತದೆ.

ಈ ರಸದಲ್ಲಿ ಯಾವ ಪದಾರ್ಥ ಹೆಚ್ಚಿದ್ದರೆ ಅಂಡ ಗಟ್ಟಿ, ಯಾವುದು ಹೆಚ್ಚಿದ್ದರೆ ಜೊಳ್ಳು ಎಂಬ ಗುರುತುಗಳನ್ನು ಹುಡುಕುತ್ತಿದ್ದಾರೆ. ಸಕ್ಕರೆ ಅಂಶ, ಕೊಬ್ಬಿನ ಆಮ್ಲಗಳು, ಯೂರಿಯಾ, ಹಲವು ಹಾರ್ಮೋನುಗಳು ಪಟ್ಟಿಯಲ್ಲಿವೆ. ನಮಗೆ ಮುಖ್ಯವಾದ ಕೆಲಸ ನಡೆದದ್ದು ಬೆಲ್ಜಿಯಂ ದೇಶದ ಘೆಂಟ್ ವಿಶ್ವವಿದ್ಯಾಲಯದಲ್ಲಿ. ಹೆಚ್ಚು ಹಾಲು ಕೊಡುವ ಹಸುಗಳು ಕರು ಹಾಕಿದ ಮೇಲಿನ ವಾರಗಳಲ್ಲಿ ಅವುಗಳ ರಕ್ತವನ್ನೂ ಕೋಶದ ರಸವನ್ನೂ ಅಲ್ಲಿ ಜೊತೆಜೊತೆಯಾಗಿ ಪರೀಕ್ಷಿಸಿದರು. ರಕ್ತದಲ್ಲಿ ಕರಗಿದ ಕೊಬ್ಬಿನ ಆಮ್ಲ ಏರಿದಾಗ ಕೋಶದ ರಸದಲ್ಲೂ ಏರಿತ್ತು. ಸಕ್ಕರೆ, ಯೂರಿಯಾಗಳ ವಿಷಯದಲ್ಲೂ ರಸ ರಕ್ತವನ್ನೇ ಅನುಸರಿಸಿತ್ತು. ಆ ಮಟ್ಟದ ಕೊಬ್ಬಿನ ಆಮ್ಲವಿರುವ ದ್ರವದಲ್ಲಿ ಅಂಡಗಳನ್ನು ಮಾಗಿಸಿ ನೋಡಿದಾಗ ಭ್ರೂಣವಾಗುವ ಅಂಡಗಳ ಸಂಖ್ಯೆ ಇಳಿಯಿತು. 2004 ಮತ್ತು 2005ರಲ್ಲಿ ಈ ಫಲಿತಾಂಶಗಳು ಪ್ರಕಟವಾದವು.

ಇದನ್ನು ನಮ್ಮ ಮಾತಿನಲ್ಲಿ ಹೇಳುವುದಾದರೆ: ಕರು ಹಾಕಿದ ಹಸು ಹಾಲನ್ನು ಏರಿಸುತ್ತದೆ. ಆದರೆ ಅದರ ಹಸಿವು ಅಷ್ಟೇ ವೇಗದಲ್ಲಿ ಏರುವುದಿಲ್ಲ. ತಿಂದದ್ದು ಸಾಲದೆ ತನ್ನ ಮೈಯ ಕೊಬ್ಬನ್ನೇ ಕರಗಿಸಿ ಹಾಲಿಗೆ ಹಾಕುತ್ತದೆ. ಪಕ್ಕೆಲುಬು ಕಾಣುತ್ತವೆ, ಬಾಲದ ಬುಡದಲ್ಲಿ ಗುಳಿ ಬೀಳುತ್ತದೆ. ನಾವು ಹೊರಗೆ ನೋಡುವುದು ಇಷ್ಟು. ಒಳಗೆ ಆ ಕರಗಿದ ಕೊಬ್ಬು ಅಂಡದ ಸುತ್ತಿನ ರಸಕ್ಕೂ ಇಳಿಯುತ್ತದೆ.

ಯುಗಾದಿಯ ಮೇವು, ಕಾರ ಹುಣ್ಣಿಮೆಯ ಅಂಡ

ಇನ್ನೊಂದು ಸಂಗತಿ ಇದೆ. ಬೆದೆಯ ದಿನ ಬಿಡುಗಡೆಯಾಗುವ ಅಂಡ ಆ ವಾರ ಬೆಳೆದದ್ದಲ್ಲ. ಅದರ ಕೋಶ ಬೆಳೆಯಲು ತೊಡಗಿ ಪಕ್ವವಾಗಲು ಸುಮಾರು ಎರಡರಿಂದ ಮೂರು ತಿಂಗಳು ಬೇಕು.

ಲೆಕ್ಕ ಹಾಕಿ ನೋಡಿ. ಯುಗಾದಿಯ ಹೊತ್ತಿಗೆ ಕರು ಹಾಕಿದ ಹಸುವಿಗೆ ನೀವು ಕಾರ ಹುಣ್ಣಿಮೆಯ ಸುಮಾರಿಗೆ ಇಂಜೆಕ್ಷನ್ ಹಾಕಿಸುತ್ತೀರಿ. ಆ ದಿನದ ಅಂಡ ಬೆಳೆಯಲು ಶುರುವಾದದ್ದು ಯುಗಾದಿಯಲ್ಲಿ, ಅಂದರೆ ಹಸು ಅತಿ ಹೆಚ್ಚು ಇಳಿದುಹೋಗುತ್ತಿದ್ದ ದಿನಗಳಲ್ಲಿ, ಮೇಲಾಗಿ ಬೇಸಿಗೆಯ ಧಗೆಯಲ್ಲಿ. ಕಾರ ಹುಣ್ಣಿಮೆಗೆ ಮಳೆ ಬಂದು ಹಸಿರು ಚಿಗುರಿ, ಹಸು ಚೇತರಿಸಿಕೊಂಡಂತೆ ಕಾಣಬಹುದು. ಬೆದೆಯೂ ಸರಿಯಾಗಿ ಬರಬಹುದು. ಅಂಡ ಮಾತ್ರ ಚೈತ್ರದ ಬಡತನವನ್ನು ಹೊತ್ತುಕೊಂಡೇ ಬಂದಿರುತ್ತದೆ. ಬಿಸಿಲಿನ ಪೆಟ್ಟೂ ಹೀಗೆಯೇ: ಬೇಸಿಗೆ ಮುಗಿದು ಒಂದೆರಡು ತಿಂಗಳವರೆಗೂ ಅಂಡದಲ್ಲಿ ಉಳಿಯುತ್ತದೆ.

ಇದು ನಿಮಗೆ ಹೊಸದಲ್ಲ. ಭತ್ತ ಹಾಲುಗಾಳಿನ ಹಂತದಲ್ಲಿದ್ದಾಗ ನೀರು ತಪ್ಪಿದರೆ ಕಾಳು ಜೊಳ್ಳಾಗುತ್ತದೆ. ಕೊಯ್ಲಿನ ಹಿಂದಿನ ವಾರ ಗದ್ದೆ ತುಂಬ ನೀರು ನಿಲ್ಲಿಸಿದರೂ ಆ ಜೊಳ್ಳು ತುಂಬುವುದಿಲ್ಲ. ಹಸುವಿನ ಅಂಡದ ವಿಷಯವೂ ಅದೇ.

ನಾನು ಮಾಡಿದ ತಪ್ಪು

ಹದಿನೈದು ವರ್ಷಗಳ ಹಿಂದೆ ನಾನು ಕೆಲಸ ಮಾಡುತ್ತಿದ್ದ ಹೋಬಳಿಯಲ್ಲಿ ಒಬ್ಬ ಸಣ್ಣ ರೈತರಿದ್ದರು. ಸಾಲ ಮಾಡಿ ತಂದ ಮಿಶ್ರತಳಿ ಹಸು. ಎರಡನೆಯ ಸೂಲಿನಲ್ಲಿ ಹದಿನಾರು ಲೀಟರ್ ಹಾಲು. ಕರು ಹಾಕಿ ಎರಡು ತಿಂಗಳಿಗೆ ಬೆದೆಗೆ ಬಂತು, ಇಂಜೆಕ್ಷನ್ ಆಯಿತು, ನಿಲ್ಲಲಿಲ್ಲ. ಇಪ್ಪತ್ತೊಂದು ದಿನಕ್ಕೆ ಮತ್ತೆ ಬೆದೆ. ಹೀಗೆ ನಾಲ್ಕು ಸಲ ತಿರುಗಿತು. ಅವರು ನನ್ನನ್ನು ಕೇಳಿದರು. ನಾನು ಹಸುವನ್ನು ಹತ್ತಿರ ಹೋಗಿ ನೋಡದೆ, ಗೋದಲಿಯಲ್ಲಿ ಏನಿದೆ ಎಂದೂ ನೋಡದೆ, “ವೀರ್ಯದ ಕಡ್ಡಿಯೇ ಸರಿಯಿಲ್ಲ, ಹಾಕುವವನ ಕೈಗುಣವೂ ಸರಿಯಿಲ್ಲ” ಎಂದೆ. ಐದನೆಯ ಸಲವೂ ತಿರುಗಿದಾಗ, “ಇದು ಗೊಡ್ಡು ಬಿದ್ದಂತೆ, ಹಾಲು ಇರುವಾಗಲೇ ಕೊಟ್ಟುಬಿಡಿ” ಎಂದವನೂ ನಾನೇ. ಅವರು ಕೊಂಡ ಬೆಲೆಯ ಅರ್ಧಕ್ಕೆ ಮಾರಿದರು. ಸಾಲ ಹಾಗೆಯೇ ಉಳಿಯಿತು.

ಮುಂದಿನ ವರ್ಷ ಪಕ್ಕದ ಹಳ್ಳಿಯಲ್ಲಿ ಅದೇ ಹಸುವನ್ನು ಕಂಡೆ. ತುಂಬು ಗಬ್ಬ. ಕೊಂಡವರು ಬೇರೇನೂ ಮಾಡಿರಲಿಲ್ಲ. ಹಾಲು ಐದಾರು ಲೀಟರಿಗೆ ಇಳಿದಿತ್ತು, ಅವರ ಬದುವಿನಲ್ಲಿ ಹಸಿರು ಮೇವಿತ್ತು, ಹಸು ಮೈತುಂಬಿಕೊಂಡಿತು. ಮೊದಲನೆಯ ಇಂಜೆಕ್ಷನ್ನಿಗೇ ನಿಂತಿತು. ಅಲ್ಲಿಯ ಪಶುವೈದ್ಯರು ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: “ಹದಿನಾರು ಲೀಟರ್ ಕರೆಯುವಾಗ ಅದಕ್ಕೆ ಏನು ಹಾಕುತ್ತಿದ್ದರು?” ರಾಗಿ ಹುಲ್ಲು ಮತ್ತು ದಿನಕ್ಕೆ ಎರಡು ಕಿಲೋ ಬೂಸಾ. ಆ ಹಾಲಿಗೆ ಅದರ ಮೂರರಷ್ಟಕ್ಕಿಂತಲೂ ಹೆಚ್ಚು ಬೇಕಿತ್ತು. ಆ ಮೊದಲ ರೈತರನ್ನು ಭೇಟಿಯಾಗಿ ತಪ್ಪು ನನ್ನದೆಂದು ಹೇಳಿದೆ. ಅವರು ಏನೂ ಅನ್ನಲಿಲ್ಲ, ಕಾಫಿ ಕೊಟ್ಟು ಕಳಿಸಿದರು. ಆ ದಿನದಿಂದ ಗೋದಲಿ ನೋಡದೆ ಹಸುವಿನ ಬಗ್ಗೆ ಬಾಯಿ ಬಿಡುವುದಿಲ್ಲ.

ಯೋಜನೆಯಿಂದ ಯಾರಿಗೆ ಲಾಭ?

ಈಗ ಮೊದಲಿನ ಮಾತಿಗೆ ಬರೋಣ. ಪ್ರನಾಳ ವಿಧಾನ ಹುಟ್ಟಿದ್ದು ಗಬ್ಬ ನಿಲ್ಲದ ಹಸುವಿನ ಚಿಕಿತ್ಸೆಗಾಗಿ ಅಲ್ಲ. ಒಂದು ಅತ್ಯುತ್ತಮ ಹಸುವಿನಿಂದ ವರ್ಷಕ್ಕೆ ಒಂದರ ಬದಲು ಹಲವು ಕರುಗಳನ್ನು ಪಡೆಯುವುದಕ್ಕಾಗಿ. ಹಾಗಾಗಿ ಸಾಮಾನ್ಯ ರೈತನ ಹಸುವಿಗೆ ಇಲ್ಲಿ ಸಿಗುವುದು ಬಹುಮಟ್ಟಿಗೆ ಸಾಕುತಾಯಿಯ ಪಾತ್ರ. ಒಳ್ಳೆಯ ಹೆಣ್ಣುಕರು ಬೇಕೆಂದಿದ್ದು, ಆರೋಗ್ಯವಾದ ಹಸು ಮನೆಯಲ್ಲಿದ್ದರೆ ಇದು ಲಾಭದ ದಾರಿಯೇ.

ಬೆದೆ ತಿರುಗುವ ಹಸುವಿಗೆ ಇದರಿಂದ ಉಪಯೋಗವೇ ಇಲ್ಲವೆ? ದೋಷ ಅಂಡದಲ್ಲಿ ಮಾತ್ರ ಇದ್ದು ಗರ್ಭಕೋಶ ಚೆನ್ನಾಗಿದ್ದರೆ, ಬೇರೆ ಹಸುವಿನ ಅಂಡದಿಂದ ಆದ ಭ್ರೂಣ ನಿಲ್ಲುವ ಸಾಧ್ಯತೆ ಇದೆ. ಆದರೆ ಗರ್ಭಕೋಶದಲ್ಲಿ ಕೀವು, ಸೋಂಕು ಇದ್ದರೆ ಯಾವ ಭ್ರೂಣವೂ ನಿಲ್ಲದು. ಇನ್ನು, ಮೇವಿನ ಕೊರತೆಯಿಂದ ಅಂಡ ಕೆಟ್ಟಿದ್ದರೆ, ಭ್ರೂಣ ಇಳಿಸಿ ಈ ವರ್ಷ ದಾಟಬಹುದು. ಮುಂದಿನ ಸೂಲಿಗೆ ಅದೇ ತೊಂದರೆ ಮತ್ತೆ ಬಾಗಿಲಲ್ಲಿ ನಿಂತಿರುತ್ತದೆ. ಪ್ರಯೋಗಶಾಲೆಯವರಿಗೂ ಇದು ಅನ್ವಯಿಸುತ್ತದೆ. ಅಂಡ ಕೊಡುವ ಹಸು ಸೊರಗಿದ್ದರೆ ಅವರ ಬೆಲೆಬಾಳುವ ಯಂತ್ರಗಳು ಜೊಳ್ಳು ಬೀಜವನ್ನೇ ಬಿತ್ತುತ್ತವೆ.

ನಾಟಿ ತಳಿಗಳ ಒಂದು ವಿಶೇಷವನ್ನೂ ಗಮನಿಸಬೇಕು. ಗಿರ್ ಮುಂತಾದ ಹಿಣಿಲುಳ್ಳ ತಳಿಗಳು ಒಂದು ಸಲಕ್ಕೆ ವಿದೇಶಿ ತಳಿಗಳಿಗಿಂತ ಹೆಚ್ಚು ಅಂಡ ಕೊಡುತ್ತವೆ. ನಮ್ಮಿಂದ ಗಿರ್ ಮತ್ತು ಓಂಗೋಲ್ ದನಗಳನ್ನು ಕೊಂಡೊಯ್ದ ಬ್ರೆಜಿಲ್ ದೇಶ ಇದೇ ಗುಣದ ಬಲದಿಂದ ಪ್ರನಾಳ ಭ್ರೂಣಗಳಲ್ಲಿ ಜಗತ್ತಿನ ಮುಂಚೂಣಿಗೆ ಬಂದಿತು. ನಾವು ಹಟ್ಟಿಯಲ್ಲಿ ಕಡೆಗಣಿಸಿದ್ದನ್ನು ಅವರು ಬಂಡವಾಳ ಮಾಡಿಕೊಂಡರು.

ಭ್ರೂಣ ಹಾಕಿಸುವ ಮುನ್ನ ಮೂರು ಪ್ರಶ್ನೆ ಕೇಳಿ. ಈಗ ನಮ್ಮ ಜಿಲ್ಲೆಯಲ್ಲಿ ಯೋಜನೆ ಜಾರಿಯಲ್ಲಿದೆಯೇ? ಪ್ರೋತ್ಸಾಹಧನ ಕಳೆದು ಉಳಿದ ಖರ್ಚು ಯಾರ ತಲೆಗೆ? ನಿಲ್ಲದಿದ್ದರೆ ನಾನು ಕೊಡಬೇಕಾದ್ದು ಎಷ್ಟು? ಉತ್ತರ ಬರವಣಿಗೆಯಲ್ಲಿರಲಿ. ಹೆಣ್ಣುಕರುವಷ್ಟೇ ಬೇಕಾದರೆ ಲಿಂಗ ವಿಂಗಡಿಸಿದ ವೀರ್ಯದ ಕಡ್ಡಿಯೂ ಇದೆ. ಅದರಲ್ಲಿ ನೂರಕ್ಕೆ ಸುಮಾರು ತೊಂಬತ್ತು ಹೆಣ್ಣುಕರು, ಖರ್ಚೂ ಕಡಿಮೆ.

ಮನುಷ್ಯರ ಚಿಕಿತ್ಸೆಯಲ್ಲಿ

ಇದೇ ಹುಡುಕಾಟ ಮನುಷ್ಯರ ಸಂತಾನ ಚಿಕಿತ್ಸೆಯಲ್ಲೂ ನಡೆದಿದೆ. ನಮ್ಮ ಹಳ್ಳಿಗಳಿಂದಲೂ ದಂಪತಿಗಳು ಜಮೀನು ಅಡವಿಟ್ಟು, ಒಡವೆ ಮಾರಿ ಪಟ್ಟಣದ ಕೇಂದ್ರಗಳಿಗೆ ಹೋಗುತ್ತಿರುವುದರಿಂದ ನಾಲ್ಕು ಮಾತು ಹೇಳಬೇಕು. ದನದ ಮಾತಿನ ನಡುವೆ ಹೆಣ್ಣುಮಕ್ಕಳ ಮಾತು ತಂದನೆಂದು ಯಾರೂ ತಪ್ಪು ತಿಳಿಯಬಾರದು.

ಹೆಣ್ಣಿನ ಅಂಡ ತೆಗೆಯುವಾಗಲೂ ಕೋಶದ ರಸ ಬರುತ್ತದೆ. ಅದನ್ನು ಪರೀಕ್ಷಿಸಿ ಯಾವ ಅಂಡ ಒಳ್ಳೆಯದೆಂದು ಮೊದಲೇ ಹೇಳಬಹುದೇ ಎಂದು ಬಹಳ ಸಂಶೋಧನೆ ನಡೆದಿದೆ. ಆದರೆ ಇದೊಂದೇ ಗುರುತು ಸಾಕು ಎಂದು ವೈದ್ಯಲೋಕ ಒಪ್ಪಿ ದಿನನಿತ್ಯ ಬಳಸುವ ಪರೀಕ್ಷೆ ಇನ್ನೂ ಬಂದಿಲ್ಲ. ರಕ್ತದಲ್ಲಿ ಮಾಡುವ ಎ.ಎಂ.ಎಚ್. ಪರೀಕ್ಷೆ ಅಂಡಗಳ ಸಂಖ್ಯೆಯ ಅಂದಾಜು ಕೊಡುತ್ತದೆ, ಗುಣವನ್ನು ಹೇಳುವುದಿಲ್ಲ. ಗುಣದ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಅಂಶ ಹೆಣ್ಣಿನ ವಯಸ್ಸು. ಮೂವತ್ತೈದು ದಾಟಿದ ಮೇಲೆ ಅದು ಬೇಗ ಇಳಿಯುತ್ತದೆ. ಆದ್ದರಿಂದ ಹರಕೆ, ನಾಟಿ ಮದ್ದು ಎಂದು ವರ್ಷಗಟ್ಟಲೆ ಕಾಯುವ ಬದಲು ಮೊದಲೇ ವೈದ್ಯರನ್ನು ಕಾಣುವುದು ಲೇಸು. ಕಾಣುವಾಗ ಗಂಡ ಹೆಂಡತಿ ಇಬ್ಬರೂ ಹೋಗಬೇಕು. ಮಕ್ಕಳಾಗದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಗಂಡಿನ ಕಾರಣವೂ ಸೇರಿರುತ್ತದೆ. ಆದರೂ ಬಂಜೆ ಎಂಬ ಮಾತು ಬೀಳುವುದು ಹೆಣ್ಣಿನ ಮೇಲೆ. ಇದು ನಿಲ್ಲಬೇಕು. 2021ರ ಕಾಯಿದೆಯ ಪ್ರಕಾರ ಇಂಥ ಚಿಕಿತ್ಸಾ ಕೇಂದ್ರಗಳು ನೋಂದಣಿಯಾಗಿರಬೇಕು. ನೋಂದಣಿ ಪತ್ರ ತೋರಿಸಿ ಎಂದು ಕೇಳಲು ಸಂಕೋಚ ಬೇಡ.

ಕೊಟ್ಟಿಗೆಯಲ್ಲಿ ಮಾಡಬೇಕಾದದ್ದು

ಕೋಶದ ರಸವನ್ನು ನಾವು ಕೊಟ್ಟಿಗೆಯಲ್ಲಿ ಪರೀಕ್ಷಿಸಲಾರೆವು. ಪರೀಕ್ಷಿಸುವ ಅಗತ್ಯವೂ ಇಲ್ಲ. ಅದನ್ನು ತಿದ್ದುವ ಕೀಲಿ ನಮ್ಮ ಕೈಯಲ್ಲಿದೆ. ಕರು ಹಾಕುವ ಮೊದಲಿನ ಎರಡು ತಿಂಗಳು, ನಂತರದ ಎರಡು ತಿಂಗಳು, ಈ ನಾಲ್ಕು ತಿಂಗಳನ್ನು ಕಾಪಾಡಿ.

1. ಕರು ಹಾಕಲು ಅರವತ್ತು ದಿನ ಇರುವಾಗ ಹಾಲು ಕರೆಯುವುದನ್ನು ನಿಲ್ಲಿಸಿ. ಆಗ ಹಸು ಬಡಕಲಾಗಿರಬಾರದು, ಅತಿಯಾಗಿ ಕೊಬ್ಬಿರಲೂ ಬಾರದು. ಕೊಬ್ಬಿದ ಹಸು ಕರು ಹಾಕಿದ ಮೇಲೆ ಕಡಿಮೆ ತಿಂದು ಹೆಚ್ಚು ಕರಗುತ್ತದೆ.

2. ಕರು ಹಾಕಲು ಮೂರು ವಾರ ಇರುವಾಗ ಅರ್ಧ ಕಿಲೋದಿಂದ ಆರಂಭಿಸಿ ಪಶು ಆಹಾರವನ್ನು ನಿಧಾನವಾಗಿ ಏರಿಸಿ. ಕರು ಹಾಕಿದ ಮರುದಿನವೇ ಒಮ್ಮೆಗೆ ಸುರಿದರೆ ಹೊಟ್ಟೆ ಕೆಡುತ್ತದೆ.

3. ಹಾಲು ಕೊಡುವಾಗ ಮಿಶ್ರತಳಿ ಹಸುವಿಗೆ ಮೈಪೋಷಣೆಗೆ ಒಂದೂವರೆ ಕಿಲೋ, ಅದರ ಮೇಲೆ ಪ್ರತಿ ಎರಡೂವರೆ ಲೀಟರ್ ಹಾಲಿಗೆ ಒಂದು ಕಿಲೋ ಪಶು ಆಹಾರ ಬೇಕು. ಹತ್ತು ಲೀಟರಿನ ಹಸುವಿಗೆ ಐದೂವರೆ ಕಿಲೋ ಆಯಿತು. ಅದನ್ನು ದಿನಕ್ಕೆ ಎರಡು ಮೂರು ಬಾರಿಯಾಗಿ ಹಂಚಿ ಕೊಡಿ. ದ್ವಿದಳ ಹಸಿರು ಮೇವು ಚೆನ್ನಾಗಿದ್ದರೆ ಸ್ವಲ್ಪ ತಗ್ಗಿಸಬಹುದು.

4. ಹಾಲು ಏರಲೆಂದು ಬರೀ ಹಿಂಡಿಯನ್ನೇ ಹೆಚ್ಚಿಸಬೇಡಿ. ಸಾರಜನಕ ಅತಿಯಾದರೆ ರಕ್ತದಲ್ಲಿ ಯೂರಿಯಾ ಏರಿ, ಕೋಶದ ರಸಕ್ಕೂ ಇಳಿದು, ಗಬ್ಬ ನಿಲ್ಲುವುದು ಕಡಿಮೆಯಾಗುತ್ತದೆ. ಹಿಂಡಿಯ ಜೊತೆ ಜೋಳದ ನುಚ್ಚಿನಂಥ ಕಾಳಿನ ಆಹಾರವೂ ಇರಲಿ.

5. ಖನಿಜ ಮಿಶ್ರಣ ದಿನಕ್ಕೆ ಐವತ್ತು ಗ್ರಾಂ. ನಮ್ಮ ನಮ್ಮ ಪ್ರದೇಶದ ಮಣ್ಣಿನ ಕೊರತೆಗೆ ತಕ್ಕ ಮಿಶ್ರಣಗಳನ್ನು ಬೆಂಗಳೂರಿನ ಆಡುಗೋಡಿಯ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ಸಂಸ್ಥೆ ರೂಪಿಸಿದೆ.

6. ಬೇಸಿಗೆಯಲ್ಲಿ ನೆರಳು, ದಿನವಿಡೀ ಕುಡಿಯುವ ನೀರು, ಮಧ್ಯಾಹ್ನ ಮೈಮೇಲೆ ನೀರು. ಮೇವನ್ನು ತಂಪು ಹೊತ್ತಿನಲ್ಲಿ ಹೆಚ್ಚಾಗಿ ಹಾಕಿ.

7. ಬೆದೆಯ ಹೊತ್ತು ತಪ್ಪಿಸಬೇಡಿ. ಬೆಳಿಗ್ಗೆ ಬೆದೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಇಂಜೆಕ್ಷನ್ ಹಾಕಿಸಿ. ಮೂರು ಸಲ ತಿರುಗಿದರೆ ನಾಲ್ಕನೆಯ ಕಡ್ಡಿಗೆ ಹಣ ಕೊಡುವ ಮೊದಲು ಪಶುವೈದ್ಯರಿಂದ ಗರ್ಭಕೋಶ ಪರೀಕ್ಷೆ ಮಾಡಿಸಿ. ಎಲ್ಲ ತೊಂದರೆಯೂ ಮೇವಿನಿಂದಲೇ ಬರುವುದಿಲ್ಲ.

ಒಂದು ಬೆದೆ ತಪ್ಪಿದರೆ ಇಪ್ಪತ್ತೊಂದು ದಿನ ಹೋಯಿತು. ನಾಲ್ಕು ತಪ್ಪಿದರೆ ಸುಮಾರು ಮೂರು ತಿಂಗಳ ಮೇವು, ಮುಂದಿನ ಸೂಲಿನ ಹಾಲು ಎರಡೂ ಹೋದವು. ಕರು ಹಾಕಿದ ಹೊಸದರಲ್ಲಿ ಉಳಿಸಿದ ನಾಲ್ಕು ಮೂಟೆ ಪಶು ಆಹಾರದ ದುಡ್ಡನ್ನು ಇದರ ಪಕ್ಕದಲ್ಲಿಟ್ಟು ಮನೆಯಲ್ಲಿ ಕುಳಿತು ಲೆಕ್ಕ ಹಾಕಿ.

ವಾಚನಾಲಯದಲ್ಲಿ ಇದನ್ನು ಓದುವವರು ಓದಲು ಬಾರದ ನೆರೆಯವರಿಗೂ, ಮುಖ್ಯವಾಗಿ ಕೊಟ್ಟಿಗೆಯ ಕೆಲಸ ಮಾಡುವ ಮನೆಯ ಹೆಂಗಸರಿಗೂ ಓದಿ ಹೇಳಿ. ಹಸು ಇಳಿದುಹೋದದ್ದನ್ನು ಮೊದಲು ಕಾಣುವವರು ಅವರೇ. ಸರ್ಕಾರದ ಯೋಜನೆ ಬರಲಿ, ಪ್ರಯೋಗಶಾಲೆ ಬರಲಿ, ಒಳ್ಳೆಯದೇ. ಅದು ಬರುವವರೆಗೆ, ಬಂದ ಮೇಲೂ, ಸಂಜೆ ಹಾಲು ಕರೆದು ಏಳುವ ಮುನ್ನ ಒಮ್ಮೆ ಹಸುವಿನ ಪಕ್ಕೆಯ ಮೇಲೆ ಕೈಯಾಡಿಸಿ, ಗೋದಲಿಯನ್ನು ನೋಡಿ. ಎರಡು ತಿಂಗಳ ನಂತರದ ಅಂಡ ಇವತ್ತು ಅಲ್ಲಿ ಉಣ್ಣುತ್ತಿದೆ.